ಪರೀಕ್ಷೆ ಬರೆಯುವ ಪಾಳಿ ಈಗ ಅಕ್ಕೋರದು

ಅಕ್ಕಲಕೋಟೆ: ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ಶಾಲೆಗೆ ರಜೆ. ಆದರೂ ತಾಲೂಕಿನ ಒಂದು ಹಳ್ಳಿಯ ಜಿಲ್ಲಾ ಪರಿಷದ್ ಕನ್ನಡ ಶಾಲೆಯ ಮೂರನೇ ವರ್ಗದ ಕೋಣೆ ತೆರೆದಿದೆ. ಹುಡುಗರ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಹತ್ತು ಜನ ಕುಳಿತಿದ್ದಾರೆ. ಚಿಕ್ಕವರಿಗೆ ಮೂವತ್ತೆಂಟು ವರ್ಷ, ದೊಡ್ಡವರಿಗೆ ಐವತ್ತೊಂದು. ಕೈಯಲ್ಲಿ ಕಪ್ಪು ಬಾಲ್‌ಪೆನ್, ಮುಂದೆ ಓಎಂಆರ್ ಹಾಳೆಯ ಝೆರಾಕ್ಸ್. ಗೋಡೆಯ ಮೇಲೆ ಮಕ್ಕಳು ಬರೆದ ಮಗ್ಗಿ. ಯಾರೂ ಮಾತಾಡುತ್ತಿಲ್ಲ.

ಇವರೆಲ್ಲ ಮಾಸ್ತರರು ಮತ್ತು ಅಕ್ಕೋರು. ಸುತ್ತಲಿನ ಐದಾರು ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಹದಿನೈದು, ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವವರು. ಈಗ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿಗೆ ಓದುತ್ತಿದ್ದಾರೆ.

"ಇಪ್ಪತ್ತೆರಡ ವರ್ಷ ನಾ ಹುಡುಗರ ಪೇಪರ್ ತಪಾಸ್ಕೋತ ಬಂದೀನ್ರಿ. ಈಗ ನನ್ನ ಪೇಪರ್ ಯಾರೋ ತಪಾಸ್ತಾರ ಅಂದ್ರ ಹೊಟ್ಟ್ಯಾಗ ಕಲಸಿದಂಗ ಆಗ್ತದ" ಎಂದು ಮುಂದಿನ ಬೆಂಚಿನಲ್ಲಿದ್ದ ನಲವತ್ತಾರು ವರ್ಷದ ಶಿಕ್ಷಕಿ ನಕ್ಕರು. ಹೆಸರು, ಊರು ಹಾಕಬಾರದು ಎಂಬ ಷರತ್ತಿನ ಮೇಲೆ ಅವರು ಮಾತಿಗೆ ಕುಳಿತವರು. ಈ ವರದಿಯಲ್ಲಿ ಅವರನ್ನು ಅಕ್ಕೋರು ಎಂದೇ ಕರೆಯೋಣ. ಊರೂ ಹಾಗೇ ಕರೆಯುತ್ತದೆ.

ಏನಿದು ಆದೇಶ?

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಒಂದರಿಂದ ಎಂಟನೇ ವರ್ಗದವರೆಗೆ ಕಲಿಸುವ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಆಗದಿದ್ದರೆ ನೌಕರಿ ಬಿಡಬೇಕು, ಇಲ್ಲವೇ ಕಡ್ಡಾಯ ನಿವೃತ್ತಿ. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಪರೀಕ್ಷೆ ಇಲ್ಲದೆ ಮುಂದುವರಿಯಬಹುದು. ಆದರೆ ಬಡ್ತಿ ಬೇಕೆಂದರೆ ಅವರೂ ಪಾಸಾಗಬೇಕು. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ಕೋರ್ಟ್ ದೊಡ್ಡ ಪೀಠಕ್ಕೆ ಒಪ್ಪಿಸಿತು. ಜಿಲ್ಲಾ ಪರಿಷದ್ ಶಾಲೆಗಳವರಿಗೆ ಆ ಆಸರೆಯೂ ಇಲ್ಲ.

ಟಿಇಟಿ ಹೊಸದೇನಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದೇ ವರ್ಷ ಆಗಸ್ಟ್ 23ರಂದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಟಿಇಟಿಯನ್ನು ಅರ್ಹತೆಗಳ ಪಟ್ಟಿಗೆ ಸೇರಿಸಿತು. ಮಹಾರಾಷ್ಟ್ರದಲ್ಲಿ ಮೊದಲ ಟಿಇಟಿ ನಡೆದದ್ದು 2013ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲೇ ನೌಕರಿಗೆ ಸೇರಿದವರು 'ಇದು ಹೊಸ ಹುಡುಗರ ಪರೀಕ್ಷೆ, ನಮಗಲ್ಲ' ಎಂದೇ ತಿಳಿದಿದ್ದರು. ನಮ್ಮ ಅಕ್ಕೋರು ಸೇರಿದ್ದು 2003ರಲ್ಲಿ, ಶಿಕ್ಷಣ ಸೇವಕಿಯಾಗಿ. ಜಿಲ್ಲಾ ಪರಿಷದ್ ಶಿಕ್ಷಕರ ನಿವೃತ್ತಿ ವಯಸ್ಸು 58. ತೀರ್ಪಿನ ದಿನ ಅವರಿಗೆ ಇನ್ನೂ ಹನ್ನೆರಡು ವರ್ಷ ಸೇವೆ ಉಳಿದಿತ್ತು.

"ಪತಸಂಸ್ಥೆ ಸಾಲ ಮನಿ ಮ್ಯಾಲ ಅದ. ಹುಡುಗ ಪುಣ್ಯಾದಾಗ ಇಂಜಿನಿಯರಿಂಗ್ ಎರಡನೇ ವರ್ಷ. ಮನ್ಯಾಗ ಹೊಲ ಅದ, ಆದ್ರ ಹೊಲ ನೆಚ್ಚಿ ಕೂಡಾಕ ಆಗ್ತದೇನ್ರಿ? ಅದ ಸೆಪ್ಟೆಂಬರ್‌ದಾಗ ಮಳಿ ಏನ್ ಮಾಡಿತು ನೀವ ನೋಡೀರಿ" ಎಂದರು. ಸೀನಾ ನದಿಗೆ ಮಹಾಪೂರ ಬಂದ ತಿಂಗಳದು. ಜಿಲ್ಲೆಯ ಎಷ್ಟೋ ಹೊಲಗಳಲ್ಲಿ ಬೆಳೆ ನೀರಲ್ಲೇ ಕೊಳೆಯಿತು.

ಮೊದಲ ದಿನದ ಎಪ್ಪತ್ತೈದು

ಒಂದರಿಂದ ಐದನೇ ವರ್ಗದವರಿಗೆ ಪೇಪರ್ ಒಂದು, ಆರರಿಂದ ಎಂಟನೇ ವರ್ಗದವರಿಗೆ ಪೇಪರ್ ಎರಡು. ಪೇಪರ್ ಒಂದರಲ್ಲಿ 150 ಪ್ರಶ್ನೆ, 150 ಗುಣ, ಎರಡೂವರೆ ತಾಸು. ಮಗುವಿನ ವಿಕಾಸ ಮತ್ತು ಬೋಧನಾಶಾಸ್ತ್ರ, ಮೊದಲ ಭಾಷೆ, ಎರಡನೇ ಭಾಷೆ, ಗಣಿತ, ಪರಿಸರ ಅಧ್ಯಯನ, ಹೀಗೆ ಐದು ವಿಭಾಗ. ಒಂದೊಂದಕ್ಕೆ 30 ಗುಣ. ಸಾಮಾನ್ಯ ವರ್ಗದವರಿಗೆ ಶೇ 60, ಅಂದರೆ 90 ಗುಣ ಬಂದರೆ ಪಾಸು. ಮೀಸಲು ವರ್ಗಕ್ಕೆ ಶೇ 55. ತಪ್ಪು ಉತ್ತರಕ್ಕೆ ಗುಣ ಕಡಿತ ಇಲ್ಲ. ಮೊದಲ ಭಾಷೆಯಾಗಿ ಕನ್ನಡ ಆರಿಸಿಕೊಳ್ಳಲು ಅವಕಾಶ ಇದೆ. ನಡೆಸುವುದು ಪುಣೆಯ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್.

ತೀರ್ಪು ಬಂದ ಹದಿನೈದು ದಿನಕ್ಕೆ ಹನ್ನೊಂದು ಜನ ಕೂಡಿ ಈ ಭಾನುವಾರದ ವರ್ಗ ಶುರು ಮಾಡಿದರು. ಬಿ.ಕಾಂ ಓದಿದವನು, ಲೆಕ್ಕ ಬರುತ್ತದೆ ಎಂದು ಈ ವರದಿಗಾರನನ್ನು ಗಣಿತಕ್ಕೆ ಕರೆದರು. ಕಲಿಸಲು ಹೋದವನು ವರದಿಯ ಸಾಮಾನು ತುಂಬಿಕೊಂಡು ಬಂದ.

ಮೊದಲ ಅಣಕು ಪರೀಕ್ಷೆ ಸೆಪ್ಟೆಂಬರ್ ಕೊನೆಯ ವಾರ. ಅಕ್ಕೋರಿಗೆ ಬಂದದ್ದು 75. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡರು. ಮನೆಯಲ್ಲಿ ಯಜಮಾನರು ಕೇಳಿದ್ದಕ್ಕೆ "ಇನ್ನಾ ತಪಾಸಿಲ್ಲ" ಎಂದರಂತೆ. ಮುಂದಿನ ಎರಡು ಭಾನುವಾರ ವರ್ಗಕ್ಕೆ ಬರಲಿಲ್ಲ. ಒಂದು ವಾರ ತಲೆನೋವು, ಇನ್ನೊಂದು ವಾರ ಸಂಬಂಧಿಕರ ಮನೆಯ ಕಾರ್ಯ.

"ಕಾರ್ಯ ಗೀರ್ಯ ಏನೂ ಇರಲಿಲ್ರಿ. ಅಂಜಿಕಿ. ಇಷ್ಟ್ ದಿವಸ ನಾ ಹುಡುಗರಿಗಿ ಕಲಿಸಿದ್ದ ಖರೇನೋ ಸುಳ್ಳೋ ಅನಿಸಾಕ ಹತ್ತಿತು. ನನಗ ಬರ್ತದ ಅಂತ ನಾ ತಿಳಕೊಂಡಿದ್ದೆ, ಬರೂದ ಇಲ್ಲ ಅಂತ ಪೇಪರ್ ಹೇಳಿತು" ಎಂದು ಅವರು ಈಗ ಹೇಳುತ್ತಾರೆ.

ಇದು ಅವರೊಬ್ಬರ ಮಾತಲ್ಲ. ಮಂಡಳಿಯ ಹಿರಿಯ ಮಾಸ್ತರರೊಬ್ಬರು ಟಿಇಟಿ ಪುಸ್ತಕಕ್ಕೆ ಮಕ್ಕಳ ಪಠ್ಯಪುಸ್ತಕದ ರಟ್ಟು ಹಾಕಿಕೊಂಡು ಎಸ್‌.ಟಿ. ಗಾಡಿಯಲ್ಲಿ ಓದುತ್ತಿದ್ದರು. ಊರ ಜನ ನೋಡಿದರೆ 'ಮಾಸ್ತರಗ ಬರಂಗಿಲ್ಲಂತ' ಅಂದಾರು ಎಂಬ ಭಯ. ಹತ್ತನೇ ವರ್ಗದ ಹುಡುಗ ಫೇಲಾದರೆ ಪೂರಕ ಪರೀಕ್ಷೆ ಎಂದು ಸಮಾಧಾನ ಹೇಳುವ ಇವರಿಗೆ ತಮಗೆ ತಾವೇ ಹೇಳಿಕೊಳ್ಳಲು ಮಾತು ಸಿಗಲಿಲ್ಲ.

ಖಾಲಿ ಬಿಟ್ಟ ಹದಿನೆಂಟು

ಮೂರನೇ ಭಾನುವಾರ ಅಕ್ಕೋರು ಬಂದರು. ಆ ಮಡಚಿದ ಹಾಳೆ ಬಿಚ್ಚಿ ಎಲ್ಲರೂ ಕೂಡಿ ನೋಡಿದೆವು. ವಿಕಾಸ ಮತ್ತು ಬೋಧನಾಶಾಸ್ತ್ರ 13, ಕನ್ನಡ 22, ಮರಾಠಿ 17, ಗಣಿತ 7, ಪರಿಸರ 16. ತಪ್ಪಾದವು 57. ಇನ್ನು 18 ಪ್ರಶ್ನೆಗೆ ಉತ್ತರವನ್ನೇ ಬರೆದಿರಲಿಲ್ಲ.

ಯಾಕೆ ಬಿಟ್ಟಿರಿ ಎಂದು ಕೇಳಿದೆ. "ತಪ್ಪಾದ್ರ?" ಎಂದರು.

ಗುಣ ಕಡಿತ ಇಲ್ಲದ ಪರೀಕ್ಷೆಯಲ್ಲಿ ತಪ್ಪಾದರೆ ಹೋಗುವುದು ಏನೂ ಇಲ್ಲ. ನಾಲ್ಕು ಪರ್ಯಾಯದಲ್ಲಿ ಕಣ್ಣು ಮುಚ್ಚಿ ಒಂದನ್ನು ತುಂಬಿದರೂ ಹದಿನೆಂಟರಲ್ಲಿ ನಾಲ್ಕಾದರೂ ಸರಿ ಬೀಳುವ ಸಂಭವ. ಈ ನಿಯಮ ಅಕ್ಕೋರಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಮುಂದೆ ಹೋಗಿರಲಿಲ್ಲ. ಆ ಹದಿನೆಂಟರಲ್ಲಿ ಒಂದು ಲೆಕ್ಕ ಹೀಗಿತ್ತು: ಹನ್ನೆರಡು ಜನ ಹದಿನೈದು ದಿನದಲ್ಲಿ ಮಾಡುವ ಕೆಲಸವನ್ನು ಇಪ್ಪತ್ತು ಜನ ಎಷ್ಟು ದಿನದಲ್ಲಿ ಮಾಡುತ್ತಾರೆ? ಪೇಪರಿನಲ್ಲಿ ಬಿಟ್ಟಿದ್ದರು. ಹಾಳೆ ಬದಿಗಿಟ್ಟು ಬಾಯಿಂದ ಕೇಳಿದೆ: "ಅಕ್ಕೋರ, ಹನ್ನೆರಡ ಆಳು ತೊಗರಿ ಕೊಯ್ಯಾಕ ಹದಿನೈದ ದಿವಸ. ಇಪ್ಪತ್ತ ಆಳು ಹಚ್ಚಿದ್ರ?"

"ಒಂಬತ್ತ ದಿವಸ" ಎಂದರು. ಬೆರಳು ಕೂಡ ಮಡಚಲಿಲ್ಲ.

ಕೋಣೆಯಲ್ಲಿ ಎಲ್ಲರೂ ನಕ್ಕರು. ಅಕ್ಕೋರು ನಗಲಿಲ್ಲ. ಸ್ವಲ್ಪ ಹೊತ್ತು ಆ ಹಾಳೆಯನ್ನೇ ನೋಡುತ್ತಿದ್ದರು. ಆಮೇಲೆ, "ಹಂಗಾದ್ರ ಇದರಾಗ ನನಗ ಬರಲಾರದ್ದು ಎಷ್ಟು, ಅಂಜಿ ಬಿಟ್ಟಿದ್ದು ಎಷ್ಟು, ಬ್ಯಾರೆ ಬ್ಯಾರೆ ಬರಕೊಡ್ರಿ" ಎಂದರು.

ಅಂದಿನಿಂದ ಮಂಡಳಿಯ ಪದ್ಧತಿಯೇ ಬದಲಾಯಿತು. ಪ್ರತಿ ಅಣಕು ಪರೀಕ್ಷೆಯ ನಂತರ ಮೂರು ಕಾಲಂ: ಬರಲಿಲ್ಲ, ಅವಸರದಲ್ಲಿ ತಪ್ಪಿತು, ಅಂಜಿ ಬಿಟ್ಟೆ. ಜಮಾ ಖರ್ಚಿನ ಪುಸ್ತಕದ ಹಾಗೆ. 75ರಿಂದ 90ಕ್ಕೆ ಹದಿನೈದು ಗುಣ ಕಡಿಮೆ. ಐದು ವಿಭಾಗಕ್ಕೆ ಹಂಚಿದರೆ ಒಂದಕ್ಕೆ ಮೂರು. 'ಟಿಇಟಿ ಪಾಸಾಗಬೇಕು' ಎಂದಾಗ ಗುಡ್ಡದಷ್ಟು ಕಾಣುತ್ತಿದ್ದದ್ದು 'ಈ ವಾರ ಮರಾಠಿಯಲ್ಲಿ ಮೂರು ಗುಣ' ಎಂದಾಗ ಕೈಗೆ ಎಟುಕುವಂತೆ ಕಂಡಿತು.

ವಾಟಿ, ತಂಬಿಗೆ ಮತ್ತು ಪಿಯಾಜೆ

ಅಕ್ಕೋರಿಗೆ ಎಲ್ಲಕ್ಕಿಂತ ಅಂಜಿಕೆ ಇದ್ದದ್ದು ಮಗುವಿನ ವಿಕಾಸದ ವಿಭಾಗಕ್ಕೆ. ಪಿಯಾಜೆ, ವೈಗೋಟ್‌ಸ್ಕಿ, ಕೋಲ್‌ಬರ್ಗ್. "ಹೆಸರ ಬಾಯಾಗ ತಿರುಗಂಗಿಲ್ರಿ. ಡಿ.ಎಡ್‌ದಾಗ ಓದಿದ್ದು ಎಲ್ಲಿ ನೆನಪಿರ್ತದ?"

ಪಿಯಾಜೆಯ ಪ್ರಸಿದ್ಧ ಪ್ರಯೋಗ ಒಂದಿದೆ. ಒಂದೇ ಅಳತೆಯ ನೀರನ್ನು ಅಗಲ ಪಾತ್ರೆಯಿಂದ ಎತ್ತರದ ಕಿರಿದಾದ ಪಾತ್ರೆಗೆ ಸುರಿದರೆ, ಸುಮಾರು ಏಳು ವರ್ಷದೊಳಗಿನ ಮಗು 'ಎತ್ತರದ್ದರಲ್ಲಿ ಹೆಚ್ಚು ನೀರಿದೆ' ಎನ್ನುತ್ತದೆ. ಪುಸ್ತಕದಲ್ಲಿ ಇದನ್ನು ನಾಲ್ಕು ಸಲ ಓದಿದರೂ ಅಕ್ಕೋರ ತಲೆಯಲ್ಲಿ ಕೂತಿರಲಿಲ್ಲ. ಒಂದು ಸೋಮವಾರ ಒಂದನೇ ವರ್ಗದಲ್ಲಿ ಮಾಡಿಯೇ ನೋಡಿದರು. ಬಿಸಿಯೂಟದ ಕೋಣೆಯಿಂದ ಎರಡು ವಾಟಿ, ಒಂದು ಉದ್ದನೆಯ ಗ್ಲಾಸು ತಂದರು. ಎರಡೂ ವಾಟಿಗೆ ಸಮ ನೀರು. ಒಂದು ವಾಟಿಯ ನೀರನ್ನು ಮಕ್ಕಳ ಎದುರೇ ಗ್ಲಾಸಿಗೆ ಸುರಿದರು. ಯಾವುದರಲ್ಲಿ ಹೆಚ್ಚು?

"ಗ್ಲಾಸಿನ್ಯಾಗ!" ಎಂದು ಬಹಳಷ್ಟು ಮಕ್ಕಳು ಒಂದೇ ದನಿಯಲ್ಲಿ ಕೂಗಿದರು. ಒಬ್ಬಳು ಮಾತ್ರ, "ಇಲ್ರಿ ಅಕ್ಕೋರ, ಅದ ನೀರ ಅಲ್ಲ?" ಎಂದಳು.

"ಆವತ್ತಿನಿಂದ ಪಿಯಾಜೆ ಮರತಿಲ್ಲ. ಇಷ್ಟ ವರ್ಷ ಆ ಹುಡುಗರ ಜೋಡಿ ಕೂತೀನಿ. ಶ್ಯಾಣ್ಯಾ ಹುಡುಗನ ಬಾಜೂಕ ಬರಲಾರದಂವನ ಕೂಡಿಸಿ ಪಾಟಿ ಮ್ಯಾಲ ಲೆಕ್ಕ ಮಾಡಸೀನಿ. ಅದಕ್ಕ ವೈಗೋಟ್‌ಸ್ಕಿ ಹೇಳಿದ್ದು ಅಂತ ಹೆಸರ ಅದ ಅಂತ ಗೊತ್ತಿರಲಿಲ್ಲ ಅಷ್ಟ" ಎನ್ನುತ್ತಾರೆ. ಮಗು ತಾನೊಬ್ಬನೇ ಮಾಡಲಾಗದ್ದನ್ನು ಬಲ್ಲವರ ಸ್ವಲ್ಪ ನೆರವಿನಿಂದ ಮಾಡಬಲ್ಲದು ಎಂಬುದೇ ವೈಗೋಟ್‌ಸ್ಕಿಯ ಮಾತಿನ ತಿರುಳು.

ಇದೇ ಅಭ್ಯಾಸಕ್ರಮದಲ್ಲಿ ಬರುವ ಇನ್ನೊಂದು ಹೆಸರು ಆಲ್ಬರ್ಟ್ ಬಂಡೂರಾ. 'ಈ ಕೆಲಸ ನನ್ನಿಂದ ಆಗುತ್ತದೆ' ಎಂಬ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂದು ಈ ಮನೋವಿಜ್ಞಾನಿ 1977ರಲ್ಲಿ ಬರೆದರು. ಅವರು ಹೇಳಿದ ಮೂಲ ನಾಲ್ಕು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದದ್ದನ್ನು ನೋಡುವುದು, ನಂಬುವವರ ಮಾತು, ಮೈಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದಕ್ಕೇ ಹೆಚ್ಚು ಬಲ. ಬರೀ 'ಧೈರ್ಯ ತಗೋ' ಎಂದರೆ ಧೈರ್ಯ ಬರುವುದಿಲ್ಲ, ಸಣ್ಣದೊಂದು ಲೆಕ್ಕ ಬಿಡಿಸಿದರೆ ಬರುತ್ತದೆ. ಅಕ್ಕೋರು ಈ ಪುಟ ಓದಿ, "ಇದು ಪರೀಕ್ಷಾಕ್ಕ ಬರ್ತದೋ ಇಲ್ಲೋ, ನನಗಂತೂ ಬಂತು" ಎಂದರು.

ಆದೇಶ ಬಂತು, ಆದೇಶ ಸಂಧಿ ಬಂತು

ಗಡಿಭಾಗದ ಶಿಕ್ಷಕರಿಗೆ ಇನ್ನೊಂದು ತಾಪತ್ರಯ. ಪೇಟೆಯಲ್ಲಿ ಸಿಗುವ ಮಾರ್ಗದರ್ಶಿ ಪುಸ್ತಕ ಮರಾಠಿಯಲ್ಲಿ. ಕ್ಲಾಸ್ ನಡೆಸುವವರ ಪಾಠವೂ ಮರಾಠಿಯಲ್ಲಿ. ವಿಜಯಪುರ, ಕಲಬುರಗಿಯಿಂದ ಕನ್ನಡ ಪುಸ್ತಕ ತರಿಸಿದರೆ ಅದು ಕರ್ನಾಟಕದ ಟಿಇಟಿಗೆ ಬರೆದದ್ದು. ವ್ಯಾಕರಣ, ಬೋಧನಾಶಾಸ್ತ್ರಕ್ಕೆ ಅದು ಆದೀತು. ಪರಿಸರ ಅಧ್ಯಯನಕ್ಕೆ ಮಾತ್ರ ಬಾಲಭಾರತಿಯ ಪುಸ್ತಕವೇ ಬೇಕು. ಪುಣೆಯ ಬಾಲಭಾರತಿ ಕನ್ನಡ ಮಾಧ್ಯಮದ ಪಠ್ಯಪುಸ್ತಕ ಪ್ರಕಟಿಸುವುದರಿಂದ ಅಷ್ಟು ಪಾರಾಯಿತು. ತಾವೇ ವರ್ಷವಿಡೀ ಕಲಿಸುವ ಪುಸ್ತಕ ಅದು. ಆದರೂ ಮೊದಲ ಅಣಕು ಪರೀಕ್ಷೆಯಲ್ಲಿ ಅದರಲ್ಲೇ ಹದಿನಾಲ್ಕು ಗುಣ ಹೋಗಿತ್ತು.

ಓದಿದ್ದನ್ನೇ ಮತ್ತೆ ಓದುವ ಚಟವೂ ಇತ್ತು. ಗೆರೆ ಎಳೆದು ಎಳೆದು ಪುಟ ಹಳದಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಇಬ್ಬರು ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳಿಗೆ 'ನಮಗೆ ಬರುತ್ತದೆ' ಎಂಬ ಭರವಸೆ ಹೆಚ್ಚಿತ್ತು. ವಾರ ಕಳೆದ ಮೇಲೆ ಹೆಚ್ಚು ನೆನಪಿದ್ದದ್ದು ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ. ಮಂಡಳಿಯವರು ಈಗ ಒಬ್ಬರಿಗೊಬ್ಬರು ಪ್ರಶ್ನೆ ಕೇಳುತ್ತಾರೆ. ಅಕ್ಕೋರ ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ಯಜಮಾನರು ಬಾಗಿಲಲ್ಲಿ ಕುಳಿತು ಪುಸ್ತಕ ಹಿಡಿದು ಕೇಳುತ್ತಾರೆ. ಅವರು ಓದಿದ್ದು ಏಳನೇ ವರ್ಗ.

ಭಾಷೆಯ ಬಗ್ಗೆಯೂ ಒಳಗೊಳಗೆ ಅನುಮಾನ. ನಮ್ಮ ಕನ್ನಡ ಅತ್ತ ಬೆಂಗಳೂರಿನದಲ್ಲ, ನಮ್ಮ ಮರಾಠಿ ಇತ್ತ ಪುಣೆಯದಲ್ಲ. ಹಿರಿಯ ಮಾಸ್ತರರು ಇದಕ್ಕೊಂದು ಚೇಷ್ಟೆ ಮಾಡಿದರು: "ಕೋರ್ಟಿನ ಆದೇಶ ಬಂತು, ಅದಕ್ಕ ಆದೇಶ ಸಂಧಿ ಓದಾಕ ಹತ್ತೇವಿ." ಮಳೆ, ಕಾಲ ಕೂಡಿ ಮಳೆಗಾಲ. ಕಕಾರ ಹೋಗಿ ಗಕಾರ ಬಂತು, ಆದೇಶ ಸಂಧಿ. ಅಷ್ಟರಲ್ಲಿ ಅಕ್ಕೋರು, "ಮರಾಠಿಯೊಳಗ ಸಂಧಿ ಅಂದ್ರ ಅವಕಾಶನೂ ಆಗ್ತದ್ರಿ ಸರ್" ಎಂದರು. ಎರಡು ಭಾಷೆಯ ನಡುವೆ ಬೆಳೆದವರಿಗೆ ಇಂಥ ಮಾತು ಹೊಳೆಯುತ್ತದೆ. ಆ ದಿನ ಮರಾಠಿ ವಿಭಾಗದಲ್ಲಿ ಅವರಿಗೆ ಮೊದಲ ಸಲ 19 ಬಂತು.

ನವೆಂಬರ್ 23

2025ರ ನವೆಂಬರ್ 23ರ ಪರೀಕ್ಷೆಗೆ ಮಂಡಳಿಯ ಹನ್ನೊಂದೂ ಜನ ಅರ್ಜಿ ಹಾಕಿದ್ದರು. ಅದೇ ದಿನಗಳಲ್ಲಿ ನಗರ ಪರಿಷತ್ ಚುನಾವಣೆಯ ಕೆಲಸವೂ ಕೆಲವರ ತಲೆಗೆ ಬಿದ್ದಿತ್ತು. ಹಿಂದಿನ ವಾರದ ಅಣಕು ಪರೀಕ್ಷೆಯಲ್ಲಿ ಅಕ್ಕೋರಿಗೆ 95 ಬಂದಿತ್ತು. ಆ ಹಾಳೆ ಮಾತ್ರ ಮಡಚಲಿಲ್ಲ, ಮನೆಯಲ್ಲಿ ಫ್ರಿಜ್ಜಿನ ಮೇಲೆ ಅಂಟಿಸಿದ್ದರಂತೆ.

ಬೆಳಗಿನ ಗಾಡಿಗೆ ಸೊಲ್ಲಾಪುರಕ್ಕೆ ಹೋದರು. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಭೇಟಿಯಾದಳು. ಅವಳದೂ ಅದೇ ಪರೀಕ್ಷೆ. "ಅಕ್ಕೋರ, ನೀವೂ?" ಎಂದು ಕೇಳಿದಳು. "ಹೂಂ ನೋಡವಾ, ನಾನೂ" ಎಂದು ಒಳಗೆ ಹೋದರು. ಎರಡು ತಿಂಗಳ ಹಿಂದೆ ಆಗಿದ್ದರೆ ಅಲ್ಲಿಂದಲೇ ತಿರುಗಿ ಬರುತ್ತಿದ್ದೆ ಎಂದು ಅವರೇ ಹೇಳಿದರು.

ಫಲಿತಾಂಶ ಬಂದಾಗ ಹನ್ನೊಂದರಲ್ಲಿ ಇಬ್ಬರು ಪಾಸಾಗಿದ್ದರು. ಅಕ್ಕೋರಿಗೆ 86. ನಾಲ್ಕು ಗುಣ ಕಡಿಮೆ.

ಮಾರನೇ ದಿನ ನಾಲ್ಕನೇ ವರ್ಗಕ್ಕೆ ಹೋದಾಗ ಮಕ್ಕಳಿಗೆ ಹೇಗೋ ಗೊತ್ತಾಗಿತ್ತು. ಹಳ್ಳಿಯಲ್ಲಿ ಯಾವ ಸುದ್ದಿ ನಿಲ್ಲುತ್ತದೆ? ಹಿಂದಿನ ಬೆಂಚಿನ ಹುಡುಗನೊಬ್ಬ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಅಕ್ಕೋರು ಫಳಿಯ ಮೇಲೆ 90 ಬರೆದು ಕೆಳಗೆ 86 ಬರೆದರು. ಕಳೆಯಿರಿ ಎಂದರು. ನಾಲ್ಕು ಎಂದು ಮಕ್ಕಳು ಕೂಗಿದರು. "ಅಕ್ಕೋರಿಗಿ ಇನ್ನಾ ನಾಲ್ಕ ಮಾರ್ಕ್ ಬೇಕು. ಮತ್ತ ಬರೀತಾರ. ಈಗ ನಿಮ್ಮ ಪಾಠ ತಗೀರಿ" ಎಂದು ಪುಸ್ತಕ ತೆರೆಸಿದರು.

ತಾವೇ ಹೇಳಿಬಿಟ್ಟ ಮೇಲೆ ಮುಚ್ಚಿಡುವ ಕಷ್ಟ ಮುಗಿಯಿತು ಎನ್ನುತ್ತಾರೆ ಅವರು. "ಪಾಸ್ ಆಗ್ತೀನೋ ಇಲ್ಲೋ ದೇವರಿಗಿ ಗೊತ್ತು. ಆದ್ರ ನನಗ ಬರಂಗಿಲ್ಲ ಅನ್ನೂದು ಸುಳ್ಳು. ಎಲ್ಲಿ ನಾಲ್ಕ ಹೋದವು, ನನಗ ಗೊತ್ತದ. ಗಣಿತಕ್ಕ ಕಡೀಕ ಟೈಮ್ ಉಳೀಲಿಲ್ಲ. ಮುಂದಿನ ಸಲ ಗಣಿತ ಮೊದಲ."

ಆಡಳಿತ ಏನು ಮಾಡಬಹುದು?

ಆದೇಶದ ವಿರುದ್ಧ ಶಿಕ್ಷಕರ ಸಂಘಟನೆಗಳು ದನಿ ಎತ್ತಿವೆ. ಅದು ಸಂಘಟನೆ, ಸರಕಾರ ಮತ್ತು ಕೋರ್ಟಿನ ಮಾತು. ಅದು ಏನೇ ಆಗಲಿ, ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳ ಕನ್ನಡ ಶಿಕ್ಷಕರಿಗೆ ಸಣ್ಣ ಸಣ್ಣ ನೆರವು ಈಗಲೇ ಬೇಕು. ಕನ್ನಡದಲ್ಲಿ ಅಣಕು ಪ್ರಶ್ನೆಪತ್ರಿಕೆ, ಬೋಧನಾಶಾಸ್ತ್ರಕ್ಕೆ ಒಂದು ಕನ್ನಡ ಕೈಪಿಡಿ, ಕೇಂದ್ರದ ಮಟ್ಟದಲ್ಲಿ ರಜಾದಿನದ ವರ್ಗ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತದಲ್ಲಿ ಕನ್ನಡ ಶಾಲೆಗೆ ಇರುವ ಶಿಕ್ಷಕರೇ ಆಧಾರ. ಅನುಭವಿ ಶಿಕ್ಷಕರು ಒಮ್ಮೆಲೇ ಹೊರಬಿದ್ದರೆ ಅವರ ಜಾಗಕ್ಕೆ ಕನ್ನಡ ಬಲ್ಲವರು ಎಲ್ಲಿಂದ ಬರಬೇಕು ಎಂಬುದು ಪಾಲಕರ ಪ್ರಶ್ನೆ.

ಭಾನುವಾರದ ವರ್ಗ ಈಗಲೂ ನಡೆದಿದೆ. ಪಾಸಾದ ಇಬ್ಬರಲ್ಲಿ ಒಬ್ಬರು ಬರುವುದು ನಿಲ್ಲಿಸಿದರು. ಇನ್ನೊಬ್ಬರು, ಪುಸ್ತಕಕ್ಕೆ ಮಕ್ಕಳ ರಟ್ಟು ಹಾಕಿಕೊಂಡು ಓದುತ್ತಿದ್ದ ಆ ಹಿರಿಯ ಮಾಸ್ತರರು, ತಪ್ಪದೆ ಬಂದು ಉಳಿದವರಿಗೆ ವ್ಯಾಕರಣ ಹೇಳುತ್ತಾರೆ. ಈಗ ಅವರ ಪುಸ್ತಕಕ್ಕೆ ರಟ್ಟು ಇಲ್ಲ.

ಹನ್ನೊಂದೂವರೆಗೆ ಗಂಟೆ ಬಾರಿಸಿದರು. ಹಾಳೆಗಳು ಕೈ ಬದಲಾದವು. ಅಕ್ಕೋರ ಹಾಳೆ ಈ ವರದಿಗಾರನ ಪಾಲಿಗೆ ಬಂತು. ಗುಣ ಎಣಿಸುವ ಮೊದಲು ಖಾಲಿ ಬಿಟ್ಟ ಪ್ರಶ್ನೆ ಎಷ್ಟು ಎಂದು ಹುಡುಕಿದೆ. ಒಂದೂ ಇರಲಿಲ್ಲ.